ಏರುವಾಗ ಮುಂದೆಯೋ, ಇಳಿಯುವಾಗ ಹಿಂದೆಯೋ: ಹಳೆಯ ಪೆಟ್ರೋಲ್ ಗಾಡಿಯ ಬ್ಯಾಕ್‌ಫೈರ್ ಮೂಲ ಹುಡುಕುವುದು

"ಗಾಡಿ ಢಂ ಢಂ ಎನ್ನುತ್ತಿದೆ, ಎಷ್ಟು ಖರ್ಚು ಬೀಳಬಹುದು?" ಎಂದು ಫೋನಿನಲ್ಲಿ ಕೇಳುವವರಿಗೆ ನಾನು ಖರ್ಚು ಹೇಳುವುದಿಲ್ಲ, ಎರಡು ಪ್ರಶ್ನೆ ಕೇಳುತ್ತೇನೆ. ಸದ್ದು ಬಾನೆಟ್ಟಿನೊಳಗಿಂದ ಬಂತೋ, ಸೈಲೆನ್ಸರಿನಿಂದ ಬಂತೋ? ಘಟ್ಟ ಏರುವಾಗ ಬಂತೋ, ಇಳಿಯುವಾಗ ಬಂತೋ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಹೆಚ್ಚಿನವರು ಅದನ್ನು ಗಮನಿಸಿರುವುದಿಲ್ಲ. ಅಷ್ಟು ಹೊತ್ತಿಗೆ ಯಾರೋ ಒಬ್ಬರು ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರಿನ (ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಸ್ಕ್ರೂ ತಿರುವಿಯೂ ಆಗಿರುತ್ತದೆ. ಆಮೇಲೆ ಒಂದು ರೋಗ ಎರಡಾಗುತ್ತದೆ.

ಕುಮಟಾದಲ್ಲಿ ಗ್ಯಾರೇಜು ಇಟ್ಟವನಿಗೆ ಇರುವ ಅನುಕೂಲವೆಂದರೆ ದೇವಿಮನೆ ಘಟ್ಟ. ಕತಗಾಲ ದಾಟಿ ಮೇಲಕ್ಕೆ ಹೊರಟರೆ ಎಂಜಿನ್ ಪೂರ್ತಿ ಭಾರ ಎಳೆಯಬೇಕು. ತಿರುಗಿ ಬರುವಾಗ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿಯಬೇಕು. ಈ ಎರಡು ಸ್ಥಿತಿಯಲ್ಲಿ ಎರಡು ಬೇರೆ ಬೇರೆ ದೋಷ ಬಾಯಿ ಬಿಡುತ್ತವೆ. ಹೊನ್ನಾವರದವರಿಗೆ ಗೇರುಸೊಪ್ಪೆ ಘಟ್ಟ, ಅಂಕೋಲಾದವರಿಗೆ ಅರಬೈಲ್, ಸಿದ್ದಾಪುರದವರಿಗೆ ದೊಡ್ಡಮನೆ ಘಟ್ಟ ಇದೇ ಕೆಲಸ ಮಾಡಿಕೊಡುತ್ತವೆ. ಸಾವಿರಾರು ರೂಪಾಯಿಯ ಯಂತ್ರ ಬೇಕಾಗಿಲ್ಲ.

ನಾನು ಹೇಳುತ್ತಿರುವುದು ಕಾರ್ಬೊರೇಟರ್ ಮತ್ತು ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಸಿಲಿಂಡರುಗಳಿಗೆ ಹಂಚುವ ಭಾಗ) ಇರುವ ಗಾಡಿಗಳ ವಿಷಯ: ಪೆಟ್ರೋಲ್ ಜೀಪು, ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800. ನಮ್ಮ ಕಡೆಯ ತೋಟದ ಮನೆಗಳ ಅಂಗಳದಲ್ಲಿ ತಾಡಪಾಲಿನ ಕೆಳಗೆ ಇಂಥವು ಈಗಲೂ ಇವೆ. ಮಳೆಗಾಲ ಪೂರ್ತಿ ಮಲಗಿದ್ದು ನವರಾತ್ರಿಗೆ ಎಬ್ಬಿಸಿದಾಗ ಢಮಾರ್ ಎನ್ನುವುದು ಇವೇ.

ಈ ಸದ್ದು, ಅಂದರೆ ಬ್ಯಾಕ್‌ಫೈರ್, ಎಂದರೆ ಏನು? ಸಿಲಿಂಡರಿನ ಒಳಗೆ ಉರಿಯಬೇಕಾದ ಪೆಟ್ರೋಲು ಹೊರಗೆ ಉರಿಯಿತು ಎಂದು ಅರ್ಥ. ಗಾಳಿ-ಪೆಟ್ರೋಲು ಒಳಬಿಡುವ ಇನ್ಲೆಟ್ ವಾಲ್ವ್ ತೆರೆದಿರುವಾಗ ಬೆಂಕಿ ಹೊತ್ತಿಕೊಂಡರೆ ಅದು ಕಾರ್ಬೊರೇಟರಿನ ಬಾಯಿಂದ ಸೀನಿದಂತೆ ಹೊರಬರುತ್ತದೆ. ಉರಿಯದೇ ಉಳಿದ ಪೆಟ್ರೋಲು ಎಕ್ಸಾಸ್ಟಿಗೆ ಹೋಗಿ ಅಲ್ಲಿ ಹೊತ್ತಿಕೊಂಡರೆ ಸೈಲೆನ್ಸರಿನಲ್ಲಿ ಪಟಾಕಿ. ಮುಂದಿನ ಸದ್ದಿಗೆ ಕಾರಣಗಳ ಪಟ್ಟಿಯೇ ಬೇರೆ, ಹಿಂದಿನ ಸದ್ದಿನದೇ ಬೇರೆ.

ಪರೀಕ್ಷೆಗೆ ಇಳಿಯುವ ಮೊದಲು ಒಂದು ಮಾತು. ಬಾನೆಟ್ ತೆರೆದು, ಏರ್ ಫಿಲ್ಟರ್ ಕಳಚಿ, ಕಾರ್ಬೊರೇಟರಿನ ಬಾಯಿಗೆ ಮುಖ ಒಡ್ಡಿ "ರೇಸ್ ಕೊಡು" ಎನ್ನುವ ಚಟ ನಮ್ಮವರಿಗೆ ಇದೆ. ಅಲ್ಲಿಂದ ಬರುವುದು ಬರೀ ಸದ್ದಲ್ಲ, ಜ್ವಾಲೆ. ಏರ್ ಫಿಲ್ಟರಿನ ಡಬ್ಬಿ ಆ ಜ್ವಾಲೆಯನ್ನು ತಡೆಯುತ್ತದೆ. ಎಂಜಿನ್ ಚಾಲೂ ಇರುವಾಗ ಅದು ತನ್ನ ಜಾಗದಲ್ಲೇ ಇರಲಿ. ಪೆಟ್ರೋಲ್ ಪೈಪಿನಲ್ಲಿ ಎಲ್ಲಾದರೂ ಹನಿ ಕಾಣುತ್ತದೆಯೇ ಎಂದು ಮೊದಲು ಕೈಯಾಡಿಸಿ ನೋಡಿ, ಇದ್ದರೆ ಅದನ್ನು ಸರಿಮಾಡಿದ ಮೇಲೆಯೇ ಮುಂದಿನ ಮಾತು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ, ಅದಿಲ್ಲದಿದ್ದರೆ ಒಂದು ಬಕೆಟ್ ಒಣ ಮರಳಾದರೂ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬಾರದು.

ಮೊದಲು ಇಳಿಯುವಾಗಿನ ಸದ್ದು, ಏಕೆಂದರೆ ಅದು ಸುಲಭ.

ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಎಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲು ತೀರಾ ಕಡಿಮೆ. ಅದು ಪ್ರತಿ ಸಲವೂ ಹೊತ್ತಿಕೊಳ್ಳುವುದಿಲ್ಲ. ಹೊತ್ತದೇ ಉಳಿದದ್ದು ಸೈಲೆನ್ಸರಿಗೆ ಹೋಗುತ್ತದೆ. ಅಲ್ಲಿ ಹೊಸ ಗಾಳಿ ಸಿಗದಿದ್ದರೆ ಸುಮ್ಮನೆ ಹೊರಗೆ ಹೋಗಿಬಿಡುತ್ತದೆ. ಆದರೆ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಹೊಗೆಯ ಪೈಪು ಸೇರುವ ಭಾಗ) ಪ್ಯಾಕಿಂಗ್ ಹೋಗಿದ್ದರೆ, ಅಥವಾ ಪೈಪಿನ ಕೀಲು ಸಡಿಲವಾಗಿದ್ದರೆ, ಅಲ್ಲಿಂದ ಗಾಳಿ ಒಳಕ್ಕೆ ಎಳೆದುಕೊಂಡು, ಕಾದ ಪೈಪಿನಲ್ಲಿ ಪಟ್ ಎಂದು ಹೊತ್ತಿಕೊಳ್ಳುತ್ತದೆ. ಕರಾವಳಿಯಲ್ಲಿ ಇದು ಮಾಮೂಲು. ಕಾರವಾರ, ಗೋಕರ್ಣದ ಕಡೆ ಸಮುದ್ರಕ್ಕೆ ಹತ್ತಿರ ನಿಲ್ಲುವ ಗಾಡಿಯ ಸೈಲೆನ್ಸರನ್ನು ಉಪ್ಪುಗಾಳಿ ತಿಂದು ಹಾಕಿರುತ್ತದೆ. ಮೇಲೆ ಬಣ್ಣ ಹೊಡೆದು ಚೆಂದ ಮಾಡಿದ್ದರೂ ಕೀಲಿನ ಒಳಗೆ ಜರಡಿ.

ಹುಡುಕುವುದು ಹೀಗೆ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ದಪ್ಪ ಬಟ್ಟೆಯ ಮುದ್ದೆಯನ್ನು ಸೈಲೆನ್ಸರಿನ ಬಾಯಿಗೆ ಕೆಲವು ಕ್ಷಣ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ಸೋರುವ ಜಾಗದಿಂದ ಬುಸ್ ಎಂಬ ಸದ್ದು ಬರುತ್ತದೆ. ಮ್ಯಾನಿಫೋಲ್ಡಿನ ಅಂಚಿನಲ್ಲಿ ಮಸಿಯ ಗೆರೆ ಹೊರಕ್ಕೆ ಚೆಲ್ಲಿದಂತೆ ಕಂಡರೆ ಅದೇ ಸಾಕ್ಷಿ. ಬೋಲ್ಟ್ ಬಿಗಿ ಮಾಡಿ ನೋಡಿ, ಕೇಳದಿದ್ದರೆ ಹೊಸ ಪ್ಯಾಕಿಂಗ್. ಈ ಪರೀಕ್ಷೆಯನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ, ಹೊಗೆ ಪ್ರಾಣ ತೆಗೆಯುತ್ತದೆ.

ಸೋರಿಕೆ ಇಲ್ಲವೆಂದಾದರೆ ಐಡಲಿಂಗ್ (ಆ್ಯಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗಿನ) ಮಿಶ್ರಣ ನೋಡಬೇಕು. ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕಿನ ಕೇಬಲ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲವೇ, ಫ್ಲೋಟಿನ ಸೂಜಿ ಸವೆದು ಪೆಟ್ರೋಲು ಉಕ್ಕುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ? ಕುಮಟಾ-ಶಿರಸಿ ರಸ್ತೆಯ ಅಗಲೀಕರಣದ ಧೂಳು ಕುಡಿದ ಫಿಲ್ಟರುಗಳನ್ನು ನಾನು ಬಡಿದಾಗ ಅಂಗಳದಲ್ಲಿ ಕೆಂಪು ಗುಡ್ಡೆಯೇ ಬಿದ್ದಿದೆ. ಇಂಥ ಗಾಡಿಯ ಪ್ಲಗ್ ಬಿಚ್ಚಿದರೆ ಒಣ ಕಪ್ಪು ಮಸಿ.

ಇಳಿಜಾರಿನ ಇನ್ನೊಂದು ಕತೆ ಚಾಲಕರದ್ದೇ. ಪೆಟ್ರೋಲು ಉಳಿಸಲು ಘಟ್ಟದ ನೆತ್ತಿಯಲ್ಲಿ ಕೀಲಿ ಆಫ್ ಮಾಡಿ ಗೇರಿನಲ್ಲೇ ಇಳಿಯುವವರಿದ್ದಾರೆ. ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಕಾರ್ಬೊರೇಟರ್ ಪೆಟ್ರೋಲು ಕೊಡುತ್ತಲೇ ಇರುತ್ತದೆ, ಕಿಡಿ ಮಾತ್ರ ಇಲ್ಲ. ಸೈಲೆನ್ಸರ್ ತುಂಬಾ ಪೆಟ್ರೋಲಿನ ಆವಿ. ಕೆಳಗೆ ಬಂದು ಕೀಲಿ ತಿರುಗಿಸಿದ ಕ್ಷಣ ಸೈಲೆನ್ಸರ್ ಉದ್ದಕ್ಕೆ ಸೀಳುತ್ತದೆ. ಪೆಟ್ರೋಲೂ ಉಳಿಯಲಿಲ್ಲ, ಸೈಲೆನ್ಸರೂ ಹೋಯಿತು. ಎಂಜಿನ್ನಿನ ಹೀರುವಿಕೆಯಿಂದ ಬಲ ಪಡೆಯುವ ವ್ಯಾಕ್ಯೂಮ್ ಬ್ರೇಕ್ ಇರುವ ಗಾಡಿಯಾದರೆ, ಕೀಲಿ ಆಫ್ ಮಾಡಿ ನ್ಯೂಟ್ರಲಿನಲ್ಲಿ ಇಳಿಯುವವರು ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪೆಡಲು ಕಲ್ಲಾಗುತ್ತದೆ. ಇದರ ಬಗ್ಗೆ ನಾನು ಗಿರಾಕಿಗಳಿಗೆ ಬೈದೇ ಹೇಳುತ್ತೇನೆ.

ಇಳಿಯುವಾಗಲೂ ಏರುವಾಗಲೂ ಹಿಂದೆಯೇ ಸದ್ದು, ಜೊತೆಗೆ ಗಾಡಿಗೆ ಶಕ್ತಿಯೂ ಇಲ್ಲ ಎಂದಾದರೆ ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ, ಇಲ್ಲವೇ ಟೈಮಿಂಗ್ (ಕಿಡಿ ಬರುವ ಹೊತ್ತು) ತಡವಾಗಿದೆ, ಇಲ್ಲವೇ ಎಕ್ಸಾಸ್ಟ್ ವಾಲ್ವ್ ಸುಟ್ಟಿದೆ. ವಾಲ್ವಿಗೆ ಕಾಸಿಲ್ಲದ ಪರೀಕ್ಷೆ ಒಂದಿದೆ. ಐಡಲಿಂಗಿನಲ್ಲಿ ಸೈಲೆನ್ಸರಿನ ಬಾಯಿಗೆ ಒಂದು ಹಾಳೆ ದಿನಪತ್ರಿಕೆ ಹಿಡಿಯಿರಿ. ಸರಿಯಿದ್ದರೆ ಹಾಳೆ ಒಂದೇ ಸಮನೆ ಹೊರಕ್ಕೆ ಹಾರುತ್ತಿರುತ್ತದೆ. ಆಗಾಗ ಪಟಕ್ಕನೆ ಬಾಯಿಗೆ ಅಂಟಿಕೊಂಡರೆ ವಾಲ್ವ್ ಸೋರುತ್ತಿದೆ ಎಂದು ಶಂಕಿಸಿ, ಕಂಪ್ರೆಷನ್ ಗೇಜ್ ಹಾಕಿ ಖಚಿತ ಮಾಡಿಕೊಳ್ಳಿ. ಸೀಸದ ಪೆಟ್ರೋಲು 2000ನೇ ಇಸವಿಯಲ್ಲಿ ದೇಶದಲ್ಲೆಲ್ಲ ನಿಂತಿತು. ಅದಕ್ಕೂ ಹಿಂದಿನ ಎಂಜಿನ್ನುಗಳ ವಾಲ್ವ್ ಸೀಟು ಮೆತ್ತಗಿನದಾಗಿದ್ದರೆ, ಸೀಸದ ರಕ್ಷಣೆ ಇಲ್ಲದೆ ನಿಧಾನವಾಗಿ ಸವೆದು ವಾಲ್ವ್ ಮೇಲಕ್ಕೆ ಕೂರುತ್ತದೆ, ವಾಲ್ವಿಗೂ ಅದನ್ನು ಒತ್ತುವ ಟ್ಯಾಪೆಟ್ಟಿಗೂ ನಡುವಿನ ಗ್ಯಾಪ್ ಮುಚ್ಚಿಹೋಗುತ್ತದೆ, ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಟಕ ಟಕ ಎನ್ನುವ ಟ್ಯಾಪೆಟ್ ಬಗ್ಗೆ ದೂರುವವರು ಬಹಳ. ನನ್ನ ಭಯ ಸದ್ದೇ ಮಾಡದ ಟ್ಯಾಪೆಟ್ಟಿನದು. ಹರಿಕೇನ್ ಎಂಜಿನ್ನಿನ ಹಳೆಯ ಪೆಟ್ರೋಲ್ ಜೀಪಿಗೆ ತಣ್ಣಗಿರುವಾಗ ಇನ್ಲೆಟ್ 18 ಥೌ, ಎಕ್ಸಾಸ್ಟ್ 16 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಫೀಲರ್ ಗೇಜ್ ಹಾಕಿ ನೋಡಿ, ಕಿವಿಯನ್ನು ನಂಬಬೇಡಿ.

ಇನ್ನು ಏರುವಾಗ ಮುಂದೆ ಬರುವ ಸದ್ದು. ಇಲ್ಲಿ ಎರಡು ಪಕ್ಷ: ಪೆಟ್ರೋಲು ಸಾಲುತ್ತಿಲ್ಲ, ಅಥವಾ ಕಿಡಿ ತಪ್ಪು ಹೊತ್ತಿನಲ್ಲಿ ಬರುತ್ತಿದೆ. ಯಾವುದು ಎಂದು ತೀರ್ಮಾನಿಸಲು ಚೋಕ್ ಸಾಕು. ಏರಿನಲ್ಲಿ ಸೀನಲು ಶುರುಮಾಡಿದಾಗ ಚೋಕನ್ನು ಸ್ವಲ್ಪ ಎಳೆಯಿರಿ. ಸೀನುವುದು ನಿಂತು ಗಾಡಿ ಎಳೆಯತೊಡಗಿದರೆ ಪೆಟ್ರೋಲಿನ ಕೊರತೆ, ಅಥವಾ ಎಲ್ಲಿಂದಲೋ ಹೆಚ್ಚಿನ ಗಾಳಿ ಸೇರುತ್ತಿದೆ. ಚೋಕಿನಿಂದ ಏನೂ ವ್ಯತ್ಯಾಸ ಆಗದಿದ್ದರೆ ಕಾರ್ಬೊರೇಟರನ್ನು ಅದರ ಪಾಡಿಗೆ ಬಿಟ್ಟು ಡಿಸ್ಟ್ರಿಬ್ಯೂಟರ್ ಕಡೆ ಹೋಗಿ.

ನಮ್ಮ ಮಳೆಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪೇ ಮೊದಲ ಆರೋಪಿ. ಅದನ್ನು ಬಿಚ್ಚಿ, ಒಳಗನ್ನು ಒಣ ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಎರಡು ಟರ್ಮಿನಲ್ಲುಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಗೆರೆ, ಕೆಲವೊಮ್ಮೆ ಬೇರಿನ ಹಾಗೆ ಕವಲೊಡೆದದ್ದು, ಕಾಣಬಹುದು. ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ಅದು ಕಿಡಿ ಓಡಾಡಿ ಸುಟ್ಟ ಇಂಗಾಲದ ದಾರಿ. ತೇವ ಸೇರಿದಾಗ ಒಂದು ಸಿಲಿಂಡರಿಗೆ ಹೋಗಬೇಕಾದ ಕಿಡಿ ಅದೇ ದಾರಿ ಹಿಡಿದು ಪಕ್ಕದ್ದಕ್ಕೆ ಹಾರುತ್ತದೆ.

ಪಕ್ಕದ್ದಕ್ಕೆ ಹಾರಿದರೆ ಕಾರ್ಬೊರೇಟರಿನಲ್ಲಿ ಏಕೆ ಸೀನಬೇಕು? ಜೀಪು, ಅಂಬಾಸಿಡರ್, ಪದ್ಮಿನಿ ಮೂರರದ್ದೂ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬರುವ ಸರದಿ) 1-3-4-2. ಒಂದನೆಯ ಸಿಲಿಂಡರಿನಲ್ಲಿ ಕಿಡಿ ಬರುವ ಹೊತ್ತಿಗೆ ಮೂರನೆಯದು ಪೆಟ್ರೋಲು ಎಳೆದುಕೊಂಡು ಮುಗಿಸುವ ಹಂತದಲ್ಲಿರುತ್ತದೆ, ಅದರ ಇನ್ಲೆಟ್ ವಾಲ್ವ್ ಇನ್ನೂ ಮುಚ್ಚಿರುವುದಿಲ್ಲ. ಕ್ಯಾಪಿನಲ್ಲಿ ಒಂದರ ಪಕ್ಕದ ಮನೆ ಮೂರು. ಕಿಡಿ ಅಲ್ಲಿಗೆ ಹಾರಿತೆಂದರೆ ತೆರೆದ ಬಾಗಿಲಿನಿಂದ ಬೆಂಕಿ ನೇರ ಕಾರ್ಬೊರೇಟರಿಗೆ. ಇದನ್ನು ಒಂದು ಸಲ ಮನಸ್ಸಿನಲ್ಲಿ ಇಟ್ಟುಕೊಂಡರೆ ಬಿಸಿಲಿನಲ್ಲಿ ಸುಮ್ಮನಿರುವ ಗಾಡಿ ಜುಲೈನಲ್ಲಿ ಮಾತ್ರ ಏಕೆ ಸೀನುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅನುಮಾನ ಉಳಿದರೆ ಸಂಜೆ ಕತ್ತಲಾಗಲು ಬಿಡಿ. ದೀಪ ಆರಿಸಿ, ಎಂಜಿನ್ ಚಾಲೂ ಇಟ್ಟು, ಕ್ಯಾಪಿನ ಮೇಲೂ ಪ್ಲಗ್ ವೈರುಗಳ ಮೇಲೂ ಸ್ಪ್ರೇ ಬಾಟಲಿಯಿಂದ ನೀರನ್ನು ಮಂಜಿನಂತೆ ಸಿಂಪಡಿಸಿ. ಸೋರುವ ಜಾಗದಲ್ಲಿ ನೀಲಿ ಕಿಡಿಗಳು ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಆಗ ಯಾವುದನ್ನೂ ಮುಟ್ಟಬೇಡಿ. ಅಂಗಳದಲ್ಲಿ ನಿಂತ ಗಾಡಿಯ ವೈರುಗಳನ್ನು ಇಲಿ ಕಡಿದಿರುವುದೂ ಈ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ.

ಒದ್ದೆಯಾದ ಕ್ಯಾಪನ್ನು ಬಚ್ಚಲೊಲೆಯ ಪಕ್ಕ ಇಟ್ಟು ಒಣಗಿಸಿ ತಂದವರಿದ್ದಾರೆ. ಅಡಿಕೆಗೆ ಸರಿ, ಬೇಕಲೈಟಿಗೆ ಆ ಶಾಖ ಸರಿಯಲ್ಲ, ಬಿರುಕು ಬಿಡುತ್ತದೆ. ಗೆರೆಯನ್ನು ಬ್ಲೇಡಿನಿಂದ ಕೆರೆದು ಮೇಲೆ ಉಗುರಿನ ಬಣ್ಣ ಹಚ್ಚುವ ಉಪಾಯ ಮನೆ ಮುಟ್ಟುವವರೆಗೆ ನಡೆಯುತ್ತದೆ. ಆಮೇಲೆ ಹೊಸ ಕ್ಯಾಪೇ ಬೇಕು. ಕ್ಯಾಪಿನ ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಆಡುತ್ತಿದೆಯೇ, ಅದರೊಳಗೆ ಸುತ್ತುವ ರೋಟರಿನಲ್ಲಿ ಬಿರುಕಿದೆಯೇ ಎಂದೂ ಅದೇ ಕೈಯಲ್ಲಿ ನೋಡಿಬಿಡಿ.

ಹೊಸ ವೈರ್ ಹಾಕಿಸಿದ ದಿನದಿಂದಲೇ ಸದ್ದು ಶುರುವಾಗಿದ್ದರೆ ಹೆಚ್ಚು ಯೋಚಿಸಬೇಡಿ, ಎರಡು ವೈರು ಅದಲು ಬದಲಾಗಿವೆ. ಕ್ಯಾಪ್ ತೆಗೆದು ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ರೋಟರ್ ಯಾವ ಕಡೆ ಸುತ್ತುತ್ತದೆ ಎಂದು ನೋಡಿಕೊಳ್ಳಿ. ಅದೇ ದಿಕ್ಕಿನಲ್ಲಿ 1-3-4-2 ಎಂದು ವೈರು ಜೋಡಿಸಿ. ಮಾರುತಿ 800ಕ್ಕೆ ಮೂರೇ ಸಿಲಿಂಡರ್, ಅದರ ಕ್ರಮ 1-3-2.

ಕ್ಯಾಪು ಚೆನ್ನಾಗಿದ್ದರೆ ಅದರ ಕೆಳಗೆ ಪಾಯಿಂಟ್, ಅಂದರೆ ತೆರೆದಾಗಲೆಲ್ಲ ಕಿಡಿ ಹುಟ್ಟಿಸುವ ಸ್ವಿಚ್ಚು. ಅಂಬಾಸಿಡರಿಗೆ ಗ್ಯಾಪ್ 14ರಿಂದ 16 ಥೌ, ಪೆಟ್ರೋಲ್ ಜೀಪಿಗೆ 20 ಥೌ. ಪಾಯಿಂಟಿನ ಮುಖ ನೀಲಿಯಾಗಿ ಸುಟ್ಟಿದ್ದರೆ, ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಮೊಳೆ ಎದ್ದಿದ್ದರೆ ಕಂಡೆನ್ಸರ್ (ಪಾಯಿಂಟಿನ ಮುಖ ಕಿಡಿಯಿಂದ ಸುಡದಂತೆ ಕಾಯುವ ಭಾಗ) ಮೇಲೆ ಸಂಶಯ. ಕಂಡೆನ್ಸರ್ ಕಳ್ಳ: ತಣ್ಣಗಿರುವಾಗ ಸಜ್ಜನ, ಅರ್ಧ ಘಟ್ಟ ಏರಿ ಕಾದ ಮೇಲೆ ಕೈ ಕೊಡುತ್ತದೆ, ಗ್ಯಾರೇಜಿಗೆ ತರುವಷ್ಟರಲ್ಲಿ ತಣಿದು ಮತ್ತೆ ಸಜ್ಜನ. ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಆಚೀಚೆ ಅಲುಗಿಸಿ. ಬುಷ್ ಸವೆದು ಆಟ ಇದ್ದರೆ ಗ್ಯಾಪ್ ಎಷ್ಟೇ ನಾಜೂಕಾಗಿ ಇಟ್ಟರೂ ಓಡುವಾಗ ಬದಲಾಗುತ್ತಿರುತ್ತದೆ. ಎಂಜಿನ್ನಿನ ಹೀರುವಿಕೆಯಿಂದ ಕಿಡಿಯ ಹೊತ್ತನ್ನು ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಇದ್ದರೆ ಅದರ ಪೈಪನ್ನು ಬಾಯಿಂದ ಹೀರಿ: ಒಳಗಿನ ತಟ್ಟೆ ಅಲುಗಿ, ನಾಲಿಗೆ ಒತ್ತಿ ಹಿಡಿದಾಗ ಹಾಗೆಯೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ.

ಟೈಮಿಂಗ್ ನೋಡಲು ಬೇಕಾಗುವುದು ಒಂದು 12 ವೋಲ್ಟ್ ಬಲ್ಬು, ಎರಡು ತುಂಡು ವೈರು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿನ ಟರ್ಮಿನಲ್ಲಿಗೆ ಬಲ್ಬಿನ ಒಂದು ತುದಿ, ಇನ್ನೊಂದು ತುದಿ ಎಂಜಿನ್ನಿನ ಕಬ್ಬಿಣಕ್ಕೆ. ಗೇರು ನ್ಯೂಟ್ರಲಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಇಗ್ನಿಷನ್ ಆನ್ ಮಾಡಿ, ಪ್ಲಗ್ಗುಗಳನ್ನು ತೆಗೆದು, ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲಿ ಪಾನಾದಿಂದ ನಿಧಾನ ತಿರುಗಿಸಿ. ಪಾಯಿಂಟ್ ತೆರೆದ ಕ್ಷಣ ಬಲ್ಬು ಹತ್ತುತ್ತದೆ. ಆಗ ಟೈಮಿಂಗ್ ಗುರುತು ತನ್ನ ಜಾಗಕ್ಕೆ ಬಂದಿರಬೇಕು. ಪೆಟ್ರೋಲ್ ಜೀಪಿಗೆ ಅದು ಪಿಸ್ಟನ್ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮೊದಲು. ಬಲ್ಬು ಮೊದಲೇ ಹತ್ತಿದರೆ ಟೈಮಿಂಗ್ ಮುಂದಿದೆ, ತಡವಾಗಿ ಹತ್ತಿದರೆ ಹಿಂದಿದೆ. ಕೆಲಸ ಮುಗಿದೊಡನೆ ಇಗ್ನಿಷನ್ ಆಫ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಕಾಯುತ್ತದೆ. ಗುರುತು ಸರಿಪಡಿಸಿದರೂ ಗಾಡಿ ಒಪ್ಪದಿದ್ದರೆ ಟೈಮಿಂಗ್ ಚೈನು ಜೋತುಬಿದ್ದಿರಬಹುದು. ಮಾರುತಿಯಲ್ಲಾದರೆ ಬೆಲ್ಟು ಒಂದು ಹಲ್ಲು ಹಾರಿರಬಹುದು. ಅದು ಮನೆಯಂಗಳದ ಕೆಲಸವಲ್ಲ, ಬಲ್ಲವರ ಕೈಗೆ ಕೊಡಿ.

ಚೋಕ್ ಎಳೆದಾಗ ಸದ್ದು ನಿಂತವರಿಗೆ ಈಗ ಪೆಟ್ರೋಲಿನ ದಾರಿ. ಟ್ಯಾಂಕಿನ ಮುಚ್ಚಳದಿಂದ ಶುರುಮಾಡಿ. ಕೆಲವು ಕಿಲೋಮೀಟರು ಚೆನ್ನಾಗಿ ಹೋಗಿ ಆಮೇಲೆ ಸೀನಲು ತೊಡಗಿದರೆ, ನಿಲ್ಲಿಸಿ ಮುಚ್ಚಳ ತೆಗೆಯಿರಿ. ಸುಂಯ್ ಎಂದು ಗಾಳಿ ಒಳಕ್ಕೆ ಹೋಗಿ, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಕಣಜದ ಹುಳ ಮಣ್ಣು ಮೆತ್ತಿದ್ದನ್ನು ಕಡ್ಡಿಯಲ್ಲಿ ತೆಗೆದು ಮನೆಗೆ ಕಳಿಸಿದ್ದೇನೆ.

ನಂತರ ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ಮಳೆಗಾಲ ಕಳೆದ ಗಾಡಿಯಲ್ಲಿ ನೀರು ಇದ್ದೇ ಇರುತ್ತದೆ. ಕಾರ್ಬೊರೇಟರಿಗೆ ಬರುವ ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ನೆರಳಿನಲ್ಲಿಡಿ. ತಳದಲ್ಲಿ ಬೇರೆ ಪದರ ನಿಂತರೆ ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ತಾನೂ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದಲೇ. ಇದಲ್ಲದೆ ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ, ಹಳೆಯ ಕಾಲದ ಪೆಟ್ರೋಲಿಗೆ ಅಳೆದಿಟ್ಟ ಜೆಟ್ಟಿನಲ್ಲಿ (ಕಾರ್ಬೊರೇಟರಿನೊಳಗೆ ಪೆಟ್ರೋಲು ಹಾಯುವ ಸಣ್ಣ ತೂತು) ಮಿಶ್ರಣ ತೆಳ್ಳಗಾಗುತ್ತದೆ. ಆದರೆ ಎಲ್ಲ ದೋಷವನ್ನೂ ಎಥನಾಲ್ ತಲೆಗೆ ಕಟ್ಟುವುದು ಈಗ ಒಂದು ಫ್ಯಾಷನ್ ಆಗಿದೆ. ಮಿಕ್ಕದ್ದೆಲ್ಲ ನೋಡಿ ಮುಗಿದ ಮೇಲೆ ಒಂದು ಸೈಜ್ ದೊಡ್ಡ ಜೆಟ್ ಹಾಕುವ ಮಾತು. ಎಥನಾಲ್ ನಿಜಕ್ಕೂ ಹಾಳು ಮಾಡುವುದು ಹಳೆಯ ರಬ್ಬರನ್ನು: ಪೆಟ್ರೋಲ್ ಪೈಪು ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಮ್ ಸೆಟೆದುಕೊಳ್ಳುತ್ತದೆ, ಏರಿನಲ್ಲಿ ಪೆಟ್ರೋಲು ಸಾಲದಾಗುತ್ತದೆ. ಎಥನಾಲ್ ತಡೆಯುವ ಪೈಪು ಕೇಳಿ ಕೊಳ್ಳಿ.

ಗಾಳಿ ಕದ್ದು ಒಳಸೇರುವುದನ್ನು ಹಿಡಿಯಲು ಸೋಪಿನ ನೀರು. ಐಡಲಿಂಗಿನಲ್ಲಿ ಕಾರ್ಬೊರೇಟರಿನ ಬುಡದ ಪ್ಯಾಕಿಂಗಿಗೆ, ಬ್ರೇಕ್ ಬೂಸ್ಟರಿನ ಪೈಪಿಗೆ ಬ್ರಷ್ಷಿನಿಂದ ಹಚ್ಚುತ್ತಾ ಬನ್ನಿ. ಎಲ್ಲಿ ಹಚ್ಚಿದಾಗ ಎಂಜಿನ್ನಿನ ಸದ್ದು ಬದಲಾಯಿತೋ ಅಲ್ಲಿ ತೂತು. ಇದೇ ಪರೀಕ್ಷೆಗೆ ಪೆಟ್ರೋಲು ಚಿಮುಕಿಸುವವರನ್ನು ಕಂಡಿದ್ದೇನೆ. ಬ್ಯಾಕ್‌ಫೈರ್ ಆಗುವ ಗಾಡಿಗೆ ಹೊರಗಿನಿಂದ ಪೆಟ್ರೋಲು ಸುರಿಯುವ ಧೈರ್ಯ ನನಗಿಲ್ಲ. ಕಾಲು ಒಮ್ಮೆಲೇ ಒತ್ತಿದಾಗ ಮಾತ್ರ ಒಂದು ಸೀನು ಬಂದು ಆಮೇಲೆ ಸರಿಹೋದರೆ ಆ್ಯಕ್ಸಿಲರೇಟರ್ ಪಂಪ್. ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಫಿಲ್ಟರ್ ತೆಗೆದು, ಲಿವರ್ ಒತ್ತಿ ನೋಡಿ: ಒಳಗೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು.

ಕೀಲಿ ಆಫ್ ಮಾಡಿದ ಮೇಲೂ ಮಾರುತಿ 800 ಗುಡುಗುಡು ಎಂದು ಒಂದು ಢಂ ಹೊಡೆದು ನಿಲ್ಲುತ್ತಿದ್ದರೆ ಕಾರ್ಬೊರೇಟರಿನ ಮೇಲಿರುವ ಫ್ಯೂಯಲ್ ಕಟ್ ಸೊಲೆನಾಯ್ಡ್ ನೋಡಿ. ಕೀಲಿ ಆನ್-ಆಫ್ ಮಾಡುವಾಗ ಟಿಕ್ ಎನ್ನಬೇಕು.

ಏನೇ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಘಟ್ಟಕ್ಕೆ ಹೋಗಿ ಬಂದ ಮೇಲೆ ಮುಂದಿನದು. ಕ್ಯಾಪು, ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲ ಒಟ್ಟಿಗೆ ಬದಲಿಸಿದರೆ ಸದ್ದು ನಿಂತೀತು, ಯಾವುದರಿಂದ ನಿಂತಿತು ಎಂದು ತಿಳಿಯುವುದಿಲ್ಲ. ಸದ್ದು ಇನ್ನೂ ಜಾಸ್ತಿಯಾದರೆ ಅದಕ್ಕಿಂತ ದೊಡ್ಡ ಗೊಂದಲ, ಏಕೆಂದರೆ ಈ ಗಾಡಿಗಳ ಹೊಸ ಬಿಡಿಭಾಗಗಳೇ ಎಷ್ಟೋ ಸಲ ಕೆಟ್ಟಿರುತ್ತವೆ. ಹುಬ್ಬಳ್ಳಿಯಿಂದ ತರಿಸಿದ ಪ್ಯಾಕೆಟ್ಟಿನ ಕಂಡೆನ್ಸರಿಗಿಂತ ಬಿಚ್ಚಿದ ಹಳೆಯದೇ ಚೆನ್ನಾಗಿ ಓಡಿಸಿದ್ದುಂಟು. ಹಾಗಾಗಿ ಬಿಚ್ಚಿದ್ದನ್ನು ಕಸಕ್ಕೆ ಹಾಕಬೇಡಿ, ಹೊಸದು ಒಂದು ಮಳೆಗಾಲ ದಾಟುವವರೆಗೆ ಹೆಸರು ಬರೆದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.